ದೋಷವಿಲ್ಲದ ಮಾಣಿಕ್ಯ

ಬಾಟಲಿ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವರಿಗೂ ಎಲ್ಲರ ಹಾಗೆ ಒಂದು ಹೆಸರಿತ್ತು. ಅದನ್ನು ಬಳಸುತ್ತಿದ್ದವನು ಸಂಬಳದ ಗುಮಾಸ್ತ ಒಬ್ಬನೇ. ಮಿಕ್ಕವರಿಗೆಲ್ಲ ಅವರು ಭೂತಗನ್ನಡಿಯವರು. ಇಪ್ಪತ್ತನಾಲ್ಕು ವರ್ಷದಿಂದ ಅವರು ಕೂತದ್ದು ಒಂದೇ ಸ್ಟೂಲಿನ ಮೇಲೆ. ಎದುರಿಗೆ ಬೆಳಗುವ ಬಿಳಿ ಪರದೆ, ಅದರ ಮುಂದೆ ಸಾಲುಗಟ್ಟಿ ಸಾಗುವ ಬಾಟಲಿಗಳು. ಗಾಜಿನೊಳಗೆ ಒಂದು ಗುಳ್ಳೆ, ಒಂದು ಗೆರೆ, ಸಾಸಿವೆಯಷ್ಟು ಚುಕ್ಕೆ ಕಂಡರೆ ಸಾಕು, ಅವರ ಬಲಗೈ ತಾನಾಗಿಯೇ ಮುಂದೆ ಹೋಗಿ ಆ ಬಾಟಲಿಯ ಕುತ್ತಿಗೆ ಹಿಡಿದು ಪಕ್ಕದ ಡ್ರಮ್ಮಿಗೆ ಎಸೆಯುತ್ತಿತ್ತು. ಬಾಯಿ ‘ರಿಜೆಕ್ಟ್’ ಅನ್ನುತ್ತಿತ್ತು. ಈ ಎರಡು ಕೆಲಸಕ್ಕೂ ಅವರು ತಲೆಯನ್ನು ತೊಂದರೆಪಡಿಸುತ್ತಿರಲಿಲ್ಲ.

ಇಂಥ ಕಣ್ಣು ಸಂಜೆ ಐದು ಗಂಟೆಗೆ ಕಾರ್ಖಾನೆಯಲ್ಲೇ ಉಳಿಯುತ್ತದೆಯೇ? ಅದೂ ಅವರ ಜೊತೆಗೇ ಬಸ್ಸು ಹತ್ತಿ ಮನೆಗೆ ಬರುತ್ತಿತ್ತು. ನೀರಿನ ಲೋಟವನ್ನು ದೀಪಕ್ಕೆ ಹಿಡಿದು ನೋಡಿಯೇ ಕುಡಿಯುವುದು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿಯೇ ತೊಡುವುದು. ಬಾಡಿಗೆ ಮನೆ ಹುಡುಕುವಾಗ ಕಿಟಕಿಯ ಗಾಜು ಸರಿಯಿಲ್ಲವೆಂದು ಹದಿನಾಲ್ಕು ಮನೆ ಬಿಟ್ಟಿದ್ದರು. ಹದಿನೈದನೆಯ ಮನೆಯ ಕಿಟಕಿಗೆ ಗಾಜೇ ಇರಲಿಲ್ಲ, ಹಾಗಾಗಿ ಪಾಸಾಯಿತು. ಅವರ ಹೆಂಡತಿ ಆ ಕಿಟಕಿಗೆ ರಟ್ಟು ಬಡಿದುಕೊಂಡು ಸಂಸಾರ ಮಾಡಿಕೊಂಡಿದ್ದಳು.

ಕಥೆ ಶುರುವಾದದ್ದು ಭಾವನ ಮನೆಯಲ್ಲಿ. ಭಾವ ಎಂದರೆ ಹೆಂಡತಿಯ ಅಣ್ಣ, ಆಕೆಗಿರುವ ಒಬ್ಬನೇ ಅಣ್ಣ. ಪೇಟೆಯಲ್ಲಿ ಬಣ್ಣದ ಡಬ್ಬಿಗಳ ದೊಡ್ಡ ಅಂಗಡಿ ಇಟ್ಟವರು. ಭಾವನ ಹೆಂಡತಿಯನ್ನು ಆಕೆ ಅತ್ತಿಗೆ ಎನ್ನುತ್ತಿದ್ದಳು, ನಾವೂ ಹಾಗೇ ಕರೆಯೋಣ. ಆ ಭಾನುವಾರ ಅತ್ತಿಗೆಯ ಬೆರಳಿನಲ್ಲಿ ಹೊಸ ಮಾಣಿಕ್ಯದ ಉಂಗುರವಿತ್ತು. ಅತ್ತಿಗೆ ಅದನ್ನು ಯಾರಿಗೂ ತೋರಿಸಲಿಲ್ಲ. ಆದರೆ ಪಲ್ಯ ಬಡಿಸುವಾಗಲೂ ನೀರು ಹಾಕುವಾಗಲೂ ಕೈಯನ್ನು ಎಲ್ಲರ ಮೂಗಿನ ನೇರಕ್ಕೆ ತಂದು ಒಂದು ಕ್ಷಣ ನಿಲ್ಲಿಸುತ್ತಿದ್ದರು. ಎಲ್ಲರೂ ಮೆಚ್ಚಿದರು. ಭೂತಗನ್ನಡಿಯವರ ಹೆಂಡತಿ ಮಾತ್ರ ಅತ್ತಿಗೆಯ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಇನ್ನೊಬ್ಬರ ಕೈ ಅನ್ನುವುದೇ ಮರೆತುಹೋಗುವಷ್ಟು ಹೊತ್ತು ನೋಡಿದಳು.

ಭೂತಗನ್ನಡಿಯವರು ಅದನ್ನು ಕಂಡರು. ಬೇರೆ ಯಾರ ಕಣ್ಣಿಗೆ ಬೀಳದಿದ್ದರೂ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಮುಂದಿನ ತಿಂಗಳು ಅವರ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವುದಿತ್ತು. ಇಷ್ಟು ವರ್ಷದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಕಿಟಕಿಗೊಂದು ಗಾಜು ಮಾತ್ರ. ಅವರ ಮನಸ್ಸು ಕಲಕಿಹೋಯಿತು. ಅದೇ ಹೊತ್ತಿಗೆ ಭಾವ, ಮಾಣಿಕ್ಯ ಕೊಳ್ಳುವುದು ಎಲ್ಲರ ಕೈಲಾಗುವ ಕೆಲಸವಲ್ಲ, ಅದಕ್ಕೆ ಕಣ್ಣು ಬೇಕು ಅಂದುಬಿಟ್ಟರು. ಕಣ್ಣು ಎಂಬ ಪದ ಕೇಳಿ ಭೂತಗನ್ನಡಿಯವರ ತಲೆಗೆ ಕೊಂಬು ಮೂಡಿತು. ಇಪ್ಪತ್ತೈದನೇ ವರ್ಷದ ಊಟಕ್ಕೆ ನೀವೆಲ್ಲ ಬರುವಾಗ ಇವಳ ಬೆರಳಿನಲ್ಲಿ ಒಂದು ಮಾಣಿಕ್ಯ ಇರುತ್ತದೆ, ಅದರಲ್ಲಿ ಕೂದಲೆಳೆಯಷ್ಟು ದೋಷವೂ ಇರುವುದಿಲ್ಲ ಎಂದು ಘೋಷಿಸಿದರು. ಹೆಂಡತಿಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಮುಳುಗಿತು.

ಮಾತು ಕೊಟ್ಟ ಮೇಲೆ ವಿದ್ಯೆ ಬೇಕಲ್ಲ. ಗ್ರಂಥಾಲಯದಿಂದ ರತ್ನಗಳ ಬಗ್ಗೆ ಒಂದು ಪುಸ್ತಕ ತಂದರು. ಮಾಣಿಕ್ಯ ವಜ್ರದ ನಂತರದ ಗಟ್ಟಿ ಕಲ್ಲು, ಬಣ್ಣ ಗಾಢವಾದಷ್ಟೂ ಬೆಲೆ ಏರುತ್ತದೆ, ಒಳಗೆ ಶುದ್ಧವಾದಷ್ಟೂ ಇನ್ನೂ ಏರುತ್ತದೆ ಎಂದು ನಲವತ್ತನೇ ಪುಟದಲ್ಲಿತ್ತು. ಇದನ್ನು ಓದಿ ಅವರಿಗೆ ಅಪಾರ ಸಂತೋಷವಾಯಿತು. ಪುಸ್ತಕ ಬರೆದವನು ತಮ್ಮ ಕಾರ್ಖಾನೆಯಲ್ಲೇ ಕೆಲಸ ಮಾಡಿರಬೇಕು ಎನ್ನಿಸಿತು. ಅಷ್ಟಕ್ಕೇ ಪುಸ್ತಕ ಮುಚ್ಚಿದರು. ನಲವತ್ತೊಂದನೇ ಪುಟ ‘ಆದರೆ’ ಎಂದು ಶುರುವಾಗುತ್ತಿತ್ತು. ಆ ಒಂದು ಹಾಳೆ ಮಗುಚಿದ್ದರೆ ನನಗೆ ಈ ಕಥೆ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಪೇಟೆಯ ಹಳೇ ಕಲ್ಲಿನ ವ್ಯಾಪಾರಿಯ ಅಂಗಡಿ ಮಹಡಿಯ ಮೇಲಿತ್ತು. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಬಿಳಿ ಹಾಳೆ, ಒಂದು ಚಿಮಟ, ಒಂದು ಭೂತಗನ್ನಡಿ. ವಯಸ್ಸಾದ ವ್ಯಾಪಾರಿ ಮಡಿಸಿದ ಕಾಗದದ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ನಾಲ್ಕು ಮಾಣಿಕ್ಯಗಳನ್ನು ಹಾಳೆಯ ಮೇಲಿಟ್ಟರು. ನಮ್ಮವರು ಮೊದಲನೆಯದನ್ನು ಎತ್ತಿ ಬೆಳಕಿಗೆ ಹಿಡಿದರು. ಒಳಗೆ ರೇಷ್ಮೆಯಂಥ ಎರಡು ಎಳೆಗಳು ಅಡ್ಡಡ್ಡ ಮಲಗಿದ್ದವು. ಬಲಗೈ ಅದನ್ನು ಮೇಜಿನ ಆ ಬದಿಗೆ ತಳ್ಳಿತು, ಬಾಯಿ ‘ರಿಜೆಕ್ಟ್’ ಅಂದಿತು. ಎರಡನೆಯದರಲ್ಲಿ ಮಂಜು, ಮೂರನೆಯದರಲ್ಲಿ ಚುಕ್ಕೆ, ನಾಲ್ಕನೆಯದರಲ್ಲಿ ಎರಡೂ. ನಾಲ್ಕೂ ಆ ಬದಿಗೆ ಹೋದವು. ಐವತ್ತು ವರ್ಷದ ವ್ಯಾಪಾರದಲ್ಲಿ ಮುದುಕರು ಚೌಕಾಸಿ ಕಂಡಿದ್ದರು, ಕಳ್ಳತನವನ್ನೂ ಕಂಡಿದ್ದರು, ಇದನ್ನು ಕಂಡಿರಲಿಲ್ಲ.

“ಸ್ವಾಮಿ, ಆ ಎಳೆ ಇರೋದ್ರಿಂದಲೇ ಅದು ಭೂಮಿಯಲ್ಲಿ ಹುಟ್ಟಿದ್ದು ಅಂತ ಗೊತ್ತಾಗೋದು. ಅದು ಅದರ ಹುಟ್ಟುಮಚ್ಚೆ” ಅಂದರು ಮುದುಕರು.

ಭೂತಗನ್ನಡಿಯವರು ಒಳಗೊಳಗೇ ನಕ್ಕರು. ಅವರ ಕಾರ್ಖಾನೆಯ ಮಾರಾಟ ವಿಭಾಗದವರೂ ಹೀಗೇ. ಬಾಟಲಿಯ ಬುಡ ಸೊಟ್ಟಗಿದ್ದರೆ ಅದು ಹೊಸ ವಿನ್ಯಾಸ ಅನ್ನುವ ಜನ. ನಮಸ್ಕಾರ ಹೇಳಿ ಮೆಟ್ಟಿಲಿಳಿದರು.

ಕೆಳಗಿನ ಬೀದಿಯ ಮೂಲೆಯಲ್ಲಿ ಇನ್ನೊಂದು ಅಂಗಡಿಯಿತ್ತು. ಗೋಡೆಗೆಲ್ಲ ಕನ್ನಡಿ, ಚಾವಣಿಗೆಲ್ಲ ದೀಪ. ಗಡಿಯಾರ, ಅತ್ತರು, ಬೆಲ್ಟು, ಕಲ್ಲು ಎಲ್ಲವೂ ಸಿಗುತ್ತಿದ್ದವು. ಕೋಟು ತೊಟ್ಟ ಮಾಲೀಕ ಕಡಲೆ ಗಾತ್ರದ ಕೆಂಪು ಕಲ್ಲೊಂದನ್ನು ಅವರ ಅಂಗೈಯಲ್ಲಿಟ್ಟ. ಅವರು ತಿರುಗಿಸಿ ನೋಡಿದರು, ತಲೆಕೆಳಗು ಮಾಡಿ ನೋಡಿದರು. ಎಳೆಯಿಲ್ಲ, ಮಂಜಿಲ್ಲ, ಒಂದು ಗುಳ್ಳೆಯೂ ಇಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಇಷ್ಟು ನಿರ್ಮಲವಾದ ವಸ್ತು ಅವರ ಕಣ್ಣ ಮುಂದೆ ಹಾದಿರಲಿಲ್ಲ. ಇದು ಮಾಣಿಕ್ಯವೇ ಎಂದು ಕೇಳಿದರು.

“ನಾನು ಏನೂ ಹೇಳಲ್ಲ ಸಾರ್. ನಿಮ್ಮಂಥ ಕಣ್ಣಿರೋರ ಮುಂದೆ ನಾನು ಹೇಳೋದೇನಿದೆ? ನೀವೇ ಹೇಳಿ” ಅಂದ ಮಾಲೀಕ.

ಇಷ್ಟು ಪ್ರಾಮಾಣಿಕ ಮನುಷ್ಯನನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಹೆಂಡತಿಗೆಂದು ಕೂಡಿಟ್ಟದ್ದೆಲ್ಲವನ್ನೂ ಕೊಟ್ಟು ಕಲ್ಲು ಕೊಂಡರು, ಉಂಗುರಕ್ಕೆ ಕೂರಿಸಿಯೂ ಆಯಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ, ಎದೆಯುಬ್ಬಿಸಿಕೊಂಡು ನಿಂತೇ ಬಂದರು.

ಹೆಂಡತಿಯ ಬೆರಳಿಗೆ ಉಂಗುರ ಏರಿದಾಗ ಆಕೆಯ ಕಣ್ಣು ಒದ್ದೆಯಾಯಿತು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಉಂಗುರ ನೋಡಲು ಮಹಡಿಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಇಳಿದು ಬಂದರು, ಎದುರುಮನೆಯ ದರ್ಜಿಯ ಹೆಂಡತಿ ಬಂದಳು. ಭೂತಗನ್ನಡಿಯವರು ಎರಡು ತಟ್ಟೆ ತರಿಸಿ, ಒಂದು ಪಾಸಿಗೆ ಒಂದು ರಿಜೆಕ್ಟಿಗೆ ಎಂದು ಇಟ್ಟುಕೊಂಡು ಕೂತರು. ಪೋಸ್ಟ್‌ಮಾಸ್ಟರರ ಕೆಂಪು ಕಲ್ಲಿನ ಉಂಗುರವನ್ನು ದೀಪಕ್ಕೆ ಹಿಡಿದು, ನಿರ್ದೋಷಿ ಎಂದು ಪಾಸು ಮಾಡಿದರು. ಪೋಸ್ಟ್‌ಮಾಸ್ಟರರು ಮೂವತ್ತು ವರ್ಷ ಅದನ್ನು ತೊಟ್ಟೇ ಪಾತ್ರೆ ತೊಳೆದದ್ದಕ್ಕೆ ಪಶ್ಚಾತ್ತಾಪಪಟ್ಟು, ಅಂದಿನಿಂದ ಮನೆಯಲ್ಲಿ ಪಾತ್ರೆ ತೊಳೆಯುವುದನ್ನೇ ಬಿಟ್ಟರು. ದರ್ಜಿಯ ಹೆಂಡತಿಯ ಓಲೆಗಳಲ್ಲಿ ಚುಕ್ಕೆಗಳಿದ್ದವು. ಅವು ರಿಜೆಕ್ಟ್ ತಟ್ಟೆಗೆ ಬಿದ್ದವು. ಆಕೆ ಓಲೆ ಎತ್ತಿಕೊಂಡು ನೇರವಾಗಿ ಮನೆಗೆ ಹೋಗಿ, ಮದುವೆಯಲ್ಲಿ ಅವನ್ನು ಕೊಟ್ಟ ಗಂಡನ ಮೇಲೆ ಕತ್ತರಿ ಎಸೆದಳು. ಬೀದಿಯೇ ಭೂತಗನ್ನಡಿಯವರನ್ನು ಹೊಗಳಿತು. ದರ್ಜಿ ಮಾತ್ರ ಹೊಗಳಲಿಲ್ಲ.

ಸುದ್ದಿ ಕೇಳಿ ಭಾವ, ಅತ್ತಿಗೆ ಇಬ್ಬರೂ ಬಂದರು. ಅತ್ತಿಗೆಗೆ ಉಂಗುರ ನೋಡುವ ಆಸೆಗಿಂತ ತಮ್ಮ ಉಂಗುರವನ್ನು ಅದರ ಪಕ್ಕದಲ್ಲಿಟ್ಟು ತೋರಿಸುವ ಆಸೆ ಹೆಚ್ಚಿತ್ತು. ಇಟ್ಟೇಬಿಟ್ಟರು. ಭೂತಗನ್ನಡಿಯವರು ಒಂದೇ ಒಂದು ನಿಮಿಷ ನೋಡಿದರು. ಬಾಯಿ ಮುಚ್ಚಿಕೊಂಡಿರಬೇಕು ಎಂದು ಅವರ ತಲೆಗೆ ಹೊಳೆದದ್ದೂ ನಿಜ. ಆದರೆ ಈ ವಿಷಯದಲ್ಲಿ ತಲೆಯ ಮಾತು ಕೈ ಯಾವತ್ತು ಕೇಳಿತ್ತು? ಅದು ಮುಂದೆ ಹೋಗಿ ಅತ್ತಿಗೆಯ ಉಂಗುರವನ್ನು ಎತ್ತಿ ಆ ತಟ್ಟೆಗೆ ಹಾಕಿತು.

“ಮೂರು ಎಳೆ, ಒಂದು ಮಂಜು. ಕ್ಷಮಿಸಿ ಅಕ್ಕ, ರಿಜೆಕ್ಟ್.”

ಅತ್ತಿಗೆ ಹಾವು ತುಳಿದವರಂತೆ ಎದ್ದು ನಿಂತರು. ಭಾವನ ಮುಖಕ್ಕೆ ಅವರ ಅಂಗಡಿಯ ಎಲ್ಲ ಡಬ್ಬಿಗಳ ಬಣ್ಣವೂ ಬಂದು ಹೋಯಿತು. ಅಲ್ಲೇ ಪಂಥ ಕಟ್ಟಿದರು. ಸೋಮವಾರ ಸರ್ಕಾರಿ ರತ್ನ ಪರೀಕ್ಷಾ ಕಚೇರಿಗೆ ಹೋಗೋಣ. ನನ್ನದು ನಕಲಿಯಾದರೆ ನಾನು ಅಂಗಡಿಗೆ ಬೀಗ ಹಾಕುತ್ತೇನೆ, ನಿಮ್ಮದು ನಕಲಿಯಾದರೆ ಊಟದ ದಿನ ಎಲ್ಲರೆದುರು ನನ್ನ ಹೆಂಡತಿಯ ಮುಂದೆ ಅದನ್ನು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ನಾವಿಬ್ಬರೂ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಹೊರಟುಹೋದರು.

ಹೆಂಡತಿ ಅವರು ಹೋದ ದಾರಿಯನ್ನೇ ನೋಡುತ್ತ ನಿಂತಳು. ಆಮೇಲೆ ಉಂಗುರ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ನನಗಿರೋದು ಒಬ್ಬನೇ ಅಣ್ಣ ಕಣ್ರೀ. ಅವನು ಊಟಕ್ಕೆ ಬರದಿದ್ರೆ ಇದನ್ನ ಹಾಕ್ಕೊಂಡು ನಾನು ಯಾರಿಗೆ ತೋರಿಸ್ಲಿ?”

ಆ ಮಾತು ಅವರ ಎದೆಗೆ ನಾಟಿತು. ಆದರೂ ಪರೀಕ್ಷೆಯಲ್ಲಿ ಗೆಲ್ಲುವುದು ತಾನೇ, ಗೆದ್ದ ಮೇಲೆ ದೊಡ್ಡ ಮನಸ್ಸು ಮಾಡಿ ಭಾವನನ್ನು ತಾನೇ ಕೈಹಿಡಿದು ಕರೆತರುತ್ತೇನೆ ಎಂದುಕೊಂಡು ಸಮಾಧಾನಪಟ್ಟರು.

ಸೋಮವಾರ ಕಚೇರಿಗೆ ಇಬ್ಬರೇ ಹೋಗಲಿಲ್ಲ. ತಮ್ಮ ಮಾಣಿಕ್ಯಕ್ಕೆ ಸರ್ಕಾರದ ಮೊಹರು ಬೀಳಲಿ ಎಂದು ಪೋಸ್ಟ್‌ಮಾಸ್ಟರರು ಬಂದರು. ಹಣೆಗೆ ಪಟ್ಟಿ ಕಟ್ಟಿಕೊಂಡ ದರ್ಜಿಯೂ ಓಲೆ ಹಿಡಿದುಕೊಂಡು ಬಂದ. ಪರೀಕ್ಷಾಧಿಕಾರಿ ನಡುವಯಸ್ಸಿನ ಹೆಂಗಸು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡು ಮಾತು ಖರ್ಚು ಮಾಡದವರು. ಎಲ್ಲವನ್ನೂ ಇಸಿದುಕೊಂಡು ಸೂಕ್ಷ್ಮದರ್ಶಕದ ಕೆಳಗಿಟ್ಟರು, ದೀಪದ ಯಂತ್ರದಲ್ಲಿಟ್ಟರು, ಬರೆದುಕೊಂಡರು. ಮುಕ್ಕಾಲು ಗಂಟೆ ಬೆಂಚಿನ ಮೇಲೆ ನಾಲ್ವರೂ ಕೂತಿದ್ದರು.

ಅಧಿಕಾರಿ ಓದಿದರು. ಭಾವನ ಕಲ್ಲು, ಮಾಣಿಕ್ಯ, ನೈಸರ್ಗಿಕ. ದರ್ಜಿಯ ಓಲೆ, ಎರಡೂ ಮಾಣಿಕ್ಯ, ನೈಸರ್ಗಿಕ. ಪೋಸ್ಟ್‌ಮಾಸ್ಟರರ ಉಂಗುರ, ಗಾಜು. ಕಡಲೆ ಗಾತ್ರದ್ದು, ಗಾಜು.

ಭೂತಗನ್ನಡಿಯವರು ಇಂಗು ತಿಂದ ಮಂಗನಂತಾದರು. ಅದರಲ್ಲಿ ಒಂದು ದೋಷವೂ ಇಲ್ಲವಲ್ಲ ಎಂದು ಹೇಗೋ ತೊದಲಿದರು. ಅದಕ್ಕೇ ಅನುಮಾನ ಬಂದದ್ದು ಅಂದರು ಅಧಿಕಾರಿ. ನೆಲದೊಳಗೆ ಕೋಟಿಗಟ್ಟಲೆ ವರ್ಷ ಬೆಳೆಯುವ ಕಲ್ಲಿಗೆ ಅಕ್ಕಪಕ್ಕದ ಖನಿಜದ ಎಳೆ, ಚುಕ್ಕೆ ಅಂಟಿಕೊಳ್ಳದೆ ಇರುವುದು ಬಹಳ ಅಪರೂಪ. ಅಂಥದ್ದು ಸಿಕ್ಕರೆ ಅದನ್ನು ಕೊಳ್ಳಲು ರಾಜರೇ ಬೇಕು. ಕಡಿಮೆ ಬೆಲೆಗೆ ದೊಡ್ಡದಾಗಿ ಶುದ್ಧವಾಗಿ ಸಿಕ್ಕಿತೆಂದರೆ ಮೊದಲು ಪ್ರಮಾಣಪತ್ರ ಕೇಳಬೇಕು. ಆಮೇಲೆ ಬಿಲ್ಲು ತೋರಿಸಿ ಅಂದರು. ಬಿಲ್ಲಿನಲ್ಲಿ ‘ಕೆಂಪು ಕಲ್ಲು, ಒಂದು’ ಎಂದಷ್ಟೇ ಇತ್ತು. ಆ ಮಾಲೀಕ ಕೊನೆಯವರೆಗೂ ಏನನ್ನೂ ಹೇಳದೆ ಮಾತು ಉಳಿಸಿಕೊಂಡಿದ್ದ.

ಅಧಿಕಾರಿ ತಮ್ಮ ಪಟ್ಟಿಯನ್ನೂ, ಭಾವ ಹಟಕ್ಕೆ ಬರೆದು ತಂದಿದ್ದ ಪಾಸು ರಿಜೆಕ್ಟಿನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮತ್ತೆ ನೋಡಿದರು.

“ನೀವು ಪಾಸು ಮಾಡಿದ್ದೆಲ್ಲ ಗಾಜು, ರಿಜೆಕ್ಟ್ ಮಾಡಿದ್ದೆಲ್ಲ ಅಸಲಿ. ಒಂದೇ ಒಂದು ತಪ್ಪಿಲ್ಲ. ನಿಮ್ಮ ಕೆಲಸ ಏನು?”

“ಗಾಜಿನ ತಪಾಸಣೆ ಮೇಡಂ. ಬಾಟಲಿ ಕಾರ್ಖಾನೇಲಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು. ಆಮೇಲೆ ನಗಲು ಶುರುಮಾಡಿದರು. ಆ ಕಚೇರಿಯಲ್ಲಿ ಅವರು ನಕ್ಕದ್ದು ಅದೇ ಮೊದಲಾದ್ದರಿಂದ, ಏನೋ ಅನಾಹುತವಾಯಿತೆಂದು ಜವಾನ ನೀರು ತಂದ. ನಗು ನಿಂತ ಮೇಲೆ ಆಕೆ ಗಂಭೀರವಾಗಿಯೇ ಒಂದು ಮಾತು ಹೇಳಿದರು: ಈ ಕಚೇರಿಯಲ್ಲಿ ಯಂತ್ರ ಕೆಟ್ಟ ದಿನ ನಿಮ್ಮನ್ನು ಕರೆಸುತ್ತೇವೆ, ನೀವು ಹೇಳಿದ್ದಕ್ಕೆ ಉಲ್ಟಾ ಬರೆದುಕೊಂಡರೆ ಸಾಕು. ದರ್ಜಿ ಪ್ರಮಾಣಪತ್ರವನ್ನು ಹಣೆಯ ಪಟ್ಟಿಗೆ ಒತ್ತಿಕೊಂಡು ಮನೆಗೆ ಓಡಿದ. ಪೋಸ್ಟ್‌ಮಾಸ್ಟರರು, ಇನ್ನು ಮತ್ತೆ ಪಾತ್ರೆ ತೊಳೆಯಬೇಕಲ್ಲ ಎಂದು ಬೆಂಚಿನ ಮೇಲೆ ಕುಸಿದರು. ಭಾವ ತಮ್ಮ ಉಂಗುರ, ಪ್ರಮಾಣಪತ್ರ ಎರಡನ್ನೂ ಜೇಬಿಗಿಳಿಸಿದರು. ಬಾಗಿಲ ಹತ್ತಿರ ನಿಂತು, ಪಂಥ ನೆನಪಿರಲಿ ಎಂದಷ್ಟೇ ಹೇಳಿ ನಡೆದರು.

ಅಂದು ಬಸ್ಸಿನಲ್ಲಿ ಭೂತಗನ್ನಡಿಯವರು ಕೂತೇ ಬಂದರು. ಅವರಿಗೆ ನಾಚಿಕೆಗಿಂತ ದುಃಖ ಹೆಚ್ಚಾಗಿತ್ತು. ಹೆಂಡತಿಗೆ ಒಂದು ಸಲ ಏನಾದರೂ ಕೊಡಲು ಹೋಗಿ ಅದೂ ಗಾಜಾಯಿತು, ಜೊತೆಗೆ ಆಕೆಯ ಅಣ್ಣನನ್ನೂ ದೂರ ಮಾಡಿದ್ದಾಯಿತು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಎಲ್ಲ ಹೇಳಿದರು. ಹೆಂಡತಿ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದು ಅವರು ಗಾಬರಿಯಾದರು. ಆಕೆ ನಗುತ್ತಿದ್ದಳು. ನಿಲ್ಲಲಾರದೆ ನೆಲದ ಮೇಲೆ ಕೂತು ನಕ್ಕಳು. ಇಪ್ಪತ್ತನಾಲ್ಕು ವರ್ಷ ಗಾಜನ್ನೇ ಆರಿಸಿದ ಕಣ್ಣು ಪಾಪ ಇನ್ನೇನು ಆರಿಸುತ್ತೆ ಅಂದಳು. ಆಮೇಲೆ ಕಣ್ಣೊರೆಸಿಕೊಂಡು, ಉಂಗುರ ಹೋದರೆ ಹೋಗಲಿ, ಅತ್ತಿಗೆಯ ಹತ್ತಿರ ಮಾತ್ರ ನೆಟ್ಟಗೆ ಒಪ್ಪಿಕೊಳ್ಳಿ, ನನಗೆ ನನ್ನ ಅಣ್ಣ ಬೇಕು ಅಂದಳು.

ಒಪ್ಪಿಕೊಳ್ಳುವುದಕ್ಕೆ ಅವರು ತಯಾರಾದರು. ಆದರೆ ಉಂಗುರ ಹೋಗಲಿ ಎಂಬ ಮಾತಿಗೆ ಒಪ್ಪಲಿಲ್ಲ. ಬರುವ ವರ್ಷಕ್ಕೆ ಸ್ಕೂಟರ್ ಕೊಳ್ಳಲೆಂದು ಬೇರೆ ಎತ್ತಿಟ್ಟಿದ್ದನ್ನು ಜೇಬಿಗೆ ಹಾಕಿಕೊಂಡು, ಹೆಂಡತಿಯನ್ನು ಕರೆದುಕೊಂಡು ಮತ್ತೆ ಆ ಮಹಡಿ ಹತ್ತಿದರು. ಮುದುಕರು ನೋಡಿದ ಕೂಡಲೇ ಗುರುತು ಹಿಡಿದು, ಮೇಜಿನ ಆ ಬದಿಯನ್ನು ಮೊದಲೇ ಖಾಲಿ ಮಾಡಿಕೊಟ್ಟರು. ಪೊಟ್ಟಣಗಳು ಬಿಚ್ಚಿಕೊಂಡವು. ಈ ಸಲ ಎಳೆ ಇರುವುದನ್ನೇ ಆರಿಸಬೇಕೆಂದು ನಮ್ಮವರು ಶಪಥ ಮಾಡಿ ಬಂದಿದ್ದರು, ದಾರಿಯುದ್ದಕ್ಕೂ ಜಪಿಸಿದ್ದರು. ಆದರೂ ಒಂದೊಂದು ಎಳೆ ಕಂಡಾಗಲೂ ಕೈ ಅದನ್ನು ಆ ಬದಿಗೇ ತಳ್ಳಿತು. ಎಡಗೈಯಿಂದ ಬಲಗೈಯನ್ನು ಹಿಡಿದು ನೋಡಿದರು, ಅದು ಎಡಗೈಯನ್ನೂ ಎಳೆದುಕೊಂಡು ಹೋಯಿತು. ಕೊನೆಗೆ ಸೋತು ಕಣ್ಣು ಮುಚ್ಚಿ ಕೂತರು.

ಹೆಂಡತಿ ಗಂಡನನ್ನು ಪಕ್ಕಕ್ಕೆ ಸರಿಸಿದಳು. ಭೂತಗನ್ನಡಿ ಎತ್ತಿಕೊಂಡು, ಅವರು ತಳ್ಳಿದ ರಾಶಿಯನ್ನೇ ತನ್ನ ಕಡೆಗೆ ಎಳೆದುಕೊಂಡು ಒಂದೊಂದನ್ನೂ ಕಿಟಕಿಯ ಬೆಳಕಿನಲ್ಲಿ ನೋಡಿದಳು. ಅದರಲ್ಲಿ ಹೆಸರುಕಾಳಿಗಿಂತ ತುಸು ದೊಡ್ಡದೊಂದಿತ್ತು. ಅದನ್ನು ಮಾತ್ರ ಬಿಡಲಾರದೆ ಮತ್ತೆ ಮತ್ತೆ ಎತ್ತಿಕೊಂಡಳು. ಮುದುಕರು ತಲೆದೂಗಿ, ಪ್ರಮಾಣಪತ್ರವನ್ನು ತಾವಾಗಿಯೇ ಮುಂದಿಟ್ಟರು.

ಊಟದ ದಿನ ಬಂತು. ಮನೆ ತುಂಬ ಜನ. ಸಾಕಷ್ಟು ಕುರ್ಚಿಗಳಿಲ್ಲದೆ ಪೋಸ್ಟ್‌ಮಾಸ್ಟರರು ಟ್ರಂಕಿನ ಮೇಲೆ ಕೂತರು. ಹನ್ನೆರಡೂವರೆಯಾದರೂ ಭಾವನ ಸುಳಿವಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದು ನಡೆದು ಸಾಕಾದಳು. ಒಂದು ಗಂಟೆಗೆ ಸರಿಯಾಗಿ ಅಣ್ಣ ಅತ್ತಿಗೆ ಬಂದರು. ಬಂದವರು ಹೊಸ್ತಿಲ ಆಚೆಯೇ ನಿಂತರು. ಅತ್ತಿಗೆ ಉಂಗುರದ ಕೈಯನ್ನು ಮಾತ್ರ ಬಾಗಿಲೊಳಗೆ ಚಾಚಿದರು.

ಭೂತಗನ್ನಡಿಯವರು ಮುಂದೆ ಬಂದರು. ಇಪ್ಪತ್ತನಾಲ್ಕು ವರ್ಷದಲ್ಲಿ ಗೆರೆಯಿದ್ದ ಒಂದು ಬಾಟಲಿಯನ್ನೂ ಅವರು ಬಿಟ್ಟುಕೊಟ್ಟವರಲ್ಲ. ಬಲಗೈ ತಾನಾಗಿಯೇ ಆ ಉಂಗುರದ ಕಡೆಗೆ ಏಳತೊಡಗಿತು. ಹಿಂದಿನಿಂದ ಹೆಂಡತಿ ನೋಡುತ್ತಿದ್ದಾಳೆ ಎಂದು ಗೊತ್ತಿತ್ತು. ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಎಲ್ಲರೂ ಕೇಳಿಸ್ಕೊಳ್ಳಿ. ನಾನು ತಂದಿದ್ದು ಗಾಜು. ಅಕ್ಕಂದು ಅಸಲಿ ಮಾಣಿಕ್ಯ. ಮೂರು ಎಳೆ, ಒಂದು ಮಂಜು. ಪಾಸ್.”

ಟ್ರಂಕಿನ ಮೇಲಿನಿಂದ ಪೋಸ್ಟ್‌ಮಾಸ್ಟರರು ಚಪ್ಪಾಳೆ ತಟ್ಟಿದರು, ಮಿಕ್ಕವರೂ ತಟ್ಟಿದರು. ಭಾವ ಹೊಸ್ತಿಲು ದಾಟಿ ಭೂತಗನ್ನಡಿಯವರನ್ನು ಅಪ್ಪಿಕೊಂಡರು. ಹೆಂಡತಿ ಅಣ್ಣನ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ. ಆಗ ಅತ್ತಿಗೆಯ ಕಣ್ಣು ಆ ಹಿಡಿದ ಕೈಯ ಮೇಲೆ ಬಿತ್ತು. ಅಲ್ಲಿ ಸಣ್ಣದೊಂದು ಉಂಗುರ, ಅದರಲ್ಲಿ ಕೆಂಡದ ಹಾಗೆ ಹೊಳೆಯುವ ಪುಟ್ಟ ಕಲ್ಲು. ಇದು ಯಾವಾಗ ಬಂತು ಎಂದರು. ಉತ್ತರಕ್ಕೂ ಕಾಯದೆ, ಪಂಥದ ನಂತರ ಭಾವ ಕೊಂಡು ಜೇಬಿನಲ್ಲಿಟ್ಟುಕೊಂಡಿದ್ದ ಹೊಸ ಭೂತಗನ್ನಡಿ ಕಿತ್ತುಕೊಂಡು ನಾದಿನಿಯ ಬೆರಳನ್ನು ಬೆಳಕಿಗೆ ಎಳೆದರು. ತುಟಿ ಅಲ್ಲಾಡಿಸುತ್ತ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮುಖ ಸಪ್ಪಗಾಯಿತು.

“ಇವಳದ್ರಲ್ಲಿ ಐದು ಎಳೆ ಇದೆ” ಅಂದರು ಭಾವನ ಕಡೆಗೆ ತಿರುಗಿ. “ನನ್ನದ್ರಲ್ಲಿ ಮೂರೇ ತಂದಿದ್ದೀರಲ್ಲ, ನಾಲ್ಕನೇದು ಸಿಗಲಿಲ್ವಾ ನಿಮಗೆ?”

ಭಾವ ತಲೆಯ ಮೇಲೆ ಕೈ ಹೊತ್ತರು. ಇನ್ನೇನು ಮತ್ತೊಂದು ಪಂಥ ಶುರುವಾಗುವುದರಲ್ಲಿತ್ತು. ಭೂತಗನ್ನಡಿಯವರ ಹೆಂಡತಿ ನಿಧಾನವಾಗಿ ಬೆರಳು ಬಿಡಿಸಿಕೊಂಡಳು.

“ಐದು ಯಾವ ಲೆಕ್ಕ ಬಿಡಿ ಅತ್ತಿಗೆ. ಇಪ್ಪತ್ತೈದು ವರ್ಷದ ಹಿಂದೆ ನನಗೆ ಸಿಕ್ಕಿದ್ರಲ್ಲಿ ಎಷ್ಟಿವೆ ಅಂತ ಇವತ್ತಿಗೂ ಎಣಿಸಿ ಮುಗಿದಿಲ್ಲ.”

ಮನೆಯಲ್ಲಿದ್ದ ಅಷ್ಟೂ ಜನ ಒಟ್ಟಿಗೆ ತಿರುಗಿ ಭೂತಗನ್ನಡಿಯವರನ್ನು ನೋಡಿದರು. ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಅವರ ಮುಖ ಮೆಲ್ಲಗೆ ಅರಳುತ್ತ ಬಂತು. ಹೆಂಡತಿಯ ಹತ್ತಿರ ಸರಿದು, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದರು.

“ಹಾಗಾದ್ರೆ ನಾನು ಪಾಸಾ?”

“ಮೊದಲು ಕೂತ್ಕೊಳ್ಳಿ” ಅಂದಳು ಆಕೆ, ನಗು ತಡೆದುಕೊಂಡು. “ಬಡಿಸಿದ್ದು ಆರ್ತಾ ಇದೆ.”